ಕಾಯಿ ಉದುರಲು ಕಾರಣವೇನು? — ಕಾರ್ಯಕಾರಣ ವಿಚಾರ

ರೋಗ ಬಿದ್ದ ವರ್ಷದಲ್ಲಿ ಆಷಾಢಮಾಸದ ಒಂದು ಮುಂಜಾನೆ ಮಲೆನಾಡಿನ ಅಡಿಕೆತೋಟವನ್ನು ಹೊಕ್ಕು ನೋಡಿದರೆ, ಮರಗಳ ಬುಡದಲ್ಲಿ ಹಸುರು ಕಾಯಿಗಳು ಹಾಸಿದಂತೆ ಬಿದ್ದಿರುವುದು ಕಂಡುಬರುತ್ತದೆ. ಅವನ್ನು ಕೈಗೆತ್ತಿಕೊಂಡರೆ ತೊಟ್ಟಿನ ಬಳಿಯಲ್ಲಿ ನೀರಿನಲ್ಲಿ ನೆನೆದಂತಹ ಕಡುಹಸುರು ಕಲೆ; ಎರಡು ಮೂರು ದಿನ ನೆಲದಲ್ಲಿ ಬಿದ್ದಿದ್ದ ಕಾಯಿಯ ಮೈಮೇಲೆ ಬಿಳಿಯ ಬೂಷ್ಟು. ಇದೇ ಕೊಳೆರೋಗ. ದಕ್ಷಿಣ ಕನ್ನಡದ ಕಡೆಯಲ್ಲಿ ಇದಕ್ಕೆ ಮಹಾಳಿ ಎಂದು ಹೆಸರು. ಇದರ ಉಪದ್ರವವನ್ನು ಬಲ್ಲ ವಾಚಕರಿಗೆ ಹೆಚ್ಚಿಗೆ ಹೇಳಬೇಕಾದುದಿಲ್ಲ.

ನಾವು ಇಲ್ಲಿ ಗಮನಿಸತಕ್ಕದ್ದು ಅದೇ ದಿನ ಸಾಯಂಕಾಲ ಊರಿನ ಜಗಲಿಯ ಮೇಲೆ ನಡೆಯುವ ಸಂಭಾಷಣೆಯನ್ನು. ಒಬ್ಬರು ಮಳೆ ವಿಪರೀತವಾದುದೇ ಕಾರಣವೆನ್ನುವರು. ಇನ್ನೊಬ್ಬರು, ಈ ವರ್ಷ ಗೊಬ್ಬರವನ್ನು ಬದಲಾಯಿಸಿದುದರಿಂದ ಹೀಗಾಯಿತೆನ್ನುವರು. ಮತ್ತೊಬ್ಬರು ಮೇಲಿನ ತೋಟದವರು ಔಷಧ ಹೊಡೆಯಲಿಲ್ಲವೆಂದು ದೂರುವರು. ಕೊನೆಗಾರನ ಕೈಗುಣವನ್ನು ಆಕ್ಷೇಪಿಸುವವರೂ ಉಂಟು. ಎಲ್ಲವನ್ನೂ ಗ್ರಹಚಾರದ ಮೇಲೆ ಹಾಕಿ ಎದ್ದುಹೋಗುವವರೂ ಉಂಟು. ಈ ಮಾತುಗಳು ಬರಿಯ ಕಾಲಹರಣದ ಮಾತುಗಳಲ್ಲ. ಮಳೆಯೇ ಕಾರಣವೆಂದು ನಂಬಿದವನು ಏನನ್ನೂ ಮಾಡದೆ ಕೂರುವನು. ಗೊಬ್ಬರವೆಂದು ನಂಬಿದವನು ಒಳ್ಳೆಯ ಗೊಬ್ಬರವನ್ನು ಬಿಡುವನು. ಕೊನೆಗಾರನೆಂದು ನಂಬಿದವನು ನಂಬಿಕೆಯ ಆಳನ್ನು ಕಳೆದುಕೊಳ್ಳುವನು. ನೆರೆಯವನೆಂದು ನಂಬಿದವನು ವ್ಯಾಜ್ಯವನ್ನು ಹೂಡಿ ಗ್ರಾಮದ ಮುಖಂಡರ ಮನೆಯ ಬಾಗಿಲಿಗೆ ಬರುವನು. ಆದಕಾರಣ ಕಾರಣವನ್ನು ತಪ್ಪಾಗಿ ಎಣಿಸಿದರೆ ಅದರ ಹಿಂದೆ ಹಣವೂ ಸ್ನೇಹವೂ ತಪ್ಪುದಾರಿಯಲ್ಲಿ ವ್ಯಯವಾಗುವುವು.

ಒಂದು ಕಾರ್ಯಕ್ಕಿಂತ ಮುಂಚೆ ನಡೆದುದೆಲ್ಲ ಅದಕ್ಕೆ ಕಾರಣವಾಗದೆಂಬುದನ್ನು ನಮ್ಮ ಪೂರ್ವಿಕರು ಚೆನ್ನಾಗಿ ಬಲ್ಲವರಾಗಿದ್ದರು. ಕಾಗೆ ಕುಳಿತ ಗಳಿಗೆಗೂ ತಾಳೆಯ ಹಣ್ಣು ಬಿದ್ದ ಗಳಿಗೆಗೂ ಸರಿಹೋದುದನ್ನು ಕಾಕತಾಳೀಯವೆಂದು ಕರೆದರು. ನ್ಯಾಯಶಾಸ್ತ್ರದಲ್ಲಿ ಕುಂಬಾರನ ಕತ್ತೆಯ ಉದಾಹರಣೆಯೂ ಬರುತ್ತದೆ. ಮಡಕೆಯಾಗುವುದಕ್ಕೆ ಮುಂಚೆ ಮಣ್ಣನ್ನು ಹೊತ್ತು ತಂದದ್ದು ಕತ್ತೆಯೇ ಹೌದು. ಆದರೂ ಮಡಕೆಗೆ ಕತ್ತೆ ಕಾರಣವಲ್ಲ, ಬಂಡಿಯಲ್ಲಿ ಮಣ್ಣು ತಂದರೂ ಮಡಕೆಯಾಗುತ್ತದೆ. ನಿಜವಾದ ಕಾರಣವನ್ನು ಗುರುತಿಸಲು ಅವರು ಎರಡು ಪರೀಕ್ಷೆಗಳನ್ನು ಹೇಳಿದರು. ಕಾರಣವಿದ್ದಲ್ಲಿ ಕಾರ್ಯವಿರುವುದು ಅನ್ವಯ. ಕಾರಣವಿಲ್ಲದಲ್ಲಿ ಕಾರ್ಯವಿಲ್ಲದಿರುವುದು ವ್ಯತಿರೇಕ. ಸಾಧಾರಣ ಜನರು ಅನ್ವಯವನ್ನು ಮಾತ್ರ ನೋಡಿ ತೃಪ್ತರಾಗುವರು. ವ್ಯತಿರೇಕವನ್ನು ನೋಡುವ ತಾಳ್ಮೆ ಕೆಲವರಿಗೆ ಮಾತ್ರ ಇರುವುದು.

ಕೊಳೆರೋಗದ ವಿಷಯಕ್ಕೆ ಮರಳೋಣ. ಔಷಧವೆಂಬುದೇ ತಿಳಿಯದಿದ್ದ ಕಾಲದಲ್ಲಿ ಮಲೆನಾಡಿನ ತೋಟಿಗರು ಮಳೆಗಾಲಕ್ಕೆ ಮುಂಚೆ ಅಡಿಕೆಯ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಕೊನೆಗಾರನು ಮರದಿಂದ ಮರಕ್ಕೆ ಹೋಗಿ ಒಂದೊಂದು ಕೊನೆಗೂ ಮಳೆಯ ನೀರು ತಾಗದಂತೆ ಹೊದಿಕೆಯನ್ನು ಕಟ್ಟುವುದು ಬಹು ಪ್ರಯಾಸದ ಕೆಲಸ. ಆದರೂ ತಲೆತಲಾಂತರದಿಂದ ಅದನ್ನು ಬಿಡಲಿಲ್ಲ. ಏಕೆಂದರೆ ಒಂದೇ ಮರದಲ್ಲಿ ಕೊಟ್ಟೆ ಕಟ್ಟಿದ ಕೊನೆ ಉಳಿಯುವುದನ್ನೂ ಕಟ್ಟದ ಕೊನೆ ಕೊಳೆಯುವುದನ್ನೂ ಅವರು ಕಣ್ಣಾರೆ ಕಂಡಿದ್ದರು. ಇದೇ ವ್ಯತಿರೇಕ. ಹೆಸರು ತಿಳಿಯದಿದ್ದರೂ ನಮ್ಮ ತೋಟಿಗರು ಅದನ್ನು ಬಳಸಿಕೊಂಡಿದ್ದರು. ಹಳೆಯ ಪದ್ಧತಿಗಳನ್ನೆಲ್ಲ ಮೂಢತನವೆಂದು ತಳ್ಳಿಬಿಡುವ ಹೊಸ ವಿದ್ಯಾವಂತರು ಇದನ್ನು ಸ್ವಲ್ಪ ಯೋಚಿಸಬೇಕು.

ಹಾಗಾದರೆ ಮಳೆಯೇ ಕಾರಣವೆಂದಾಯಿತಲ್ಲವೆ? ಇಲ್ಲಿಯೇ ಎಡವುವ ಸ್ಥಳವಿರುವುದು. ಕೊಳೆರೋಗವನ್ನು ಹುಟ್ಟಿಸುವ ಸೂಕ್ಷ್ಮಜೀವಿಗೆ ಹತ್ತಿರದ ದಾಯಾದಿಯಾದ ಇನ್ನೊಂದು ಜೀವಿಯು 1845ರಲ್ಲಿ ಐರ್ಲೆಂಡ್ ದೇಶದ ಆಲೂಗಡ್ಡೆ ಬೆಳೆಯನ್ನು ಹೊಲದಲ್ಲಿಯೇ ಕೊಳೆಯಿಸಿತು. ಆಲೂಗಡ್ಡೆಯನ್ನೇ ನಂಬಿದ್ದ ಆ ದೇಶದಲ್ಲಿ ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನರು ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ಜ್ವರಗಳಿಂದಲೂ ಮೃತರಾದರು. ಆಗಿನ ಪಂಡಿತರಲ್ಲಿ ಬಹುಮಂದಿ, ಶೀತವೂ ಮಳೆಯೂ ಹೆಚ್ಚಾಗಿ ಗಿಡ ಕೊಳೆಯಿತು, ಕೊಳೆತ ಮೇಲೆ ಬೂಷ್ಟು ಬಂದು ಕೂತಿತು ಎಂದರು. ಬರ್ಕ್ಲೆ ಎಂಬ ಪಾದ್ರಿಯು ಮಾತ್ರ 1846ರಲ್ಲಿ, ಬೂಷ್ಟು ಕೊಳೆತದ ಫಲವಲ್ಲ, ಕೊಳೆಯುವುದಕ್ಕೆ ಅದೇ ಕಾರಣ ಎಂದು ವಾದಿಸಿದನು. ವಾದ ಹದಿನೈದು ವರ್ಷ ತೀರಲಿಲ್ಲ. ಕಡೆಗೆ ಜರ್ಮನಿಯ ಆಂಟನ್ ಡಿ ಬಾರಿ ಎಂಬ ವಿದ್ವಾಂಸನು 1861ರಲ್ಲಿ ಆರೋಗ್ಯವಾದ ಆಲೂಗಡ್ಡೆ ಗಿಡಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿನ ಮೇಲೆ ಬೂಷ್ಟಿನ ಕಣಗಳನ್ನು ಉದುರಿಸಿ, ಎರಡನ್ನೂ ಒಂದೇ ಬಗೆಯ ತಂಪಿನಲ್ಲಿಯೂ ತೇವದಲ್ಲಿಯೂ ಇಟ್ಟನು. ಕಣ ಬಿದ್ದ ಗಿಡಗಳು ಕೊಳೆತವು. ಉಳಿದವು ಅಷ್ಟೇ ನೆನೆದರೂ ಕೊಳೆಯಲಿಲ್ಲ.

ಮಳೆಯು ಸುಳ್ಳುಕಾರಣವೇನೂ ಅಲ್ಲ. ಅದು ಸಹಕಾರಿ ಕಾರಣ. ಈ ಜಾತಿಯ ಜೀವಿಯು ಕಾಯಿಯ ಮೇಲೆ ಸಣ್ಣ ಚೀಲಗಳಂತಹ ಬೀಜಕೋಶಗಳನ್ನು ಹುಟ್ಟಿಸುವುದು. ತೆಳುವಾದ ನೀರಿನ ಪದರ ಸಿಕ್ಕಿತೆಂದರೆ ಆ ಕೋಶಗಳು ಒಡೆದು, ಬಾಲದಂತಹ ಎಳೆಗಳಿಂದ ಈಜಬಲ್ಲ ಕಣಗಳು ಹೊರಬೀಳುವುವು. ನೀರಿಲ್ಲದಿದ್ದರೆ ಅವು ಮುಂದೆ ಸಾಗಲಾರವು. ಗಾಳಿಮಳೆಯ ಹನಿಗಳೊಡನೆ ಅವು ಕೊನೆಯಿಂದ ಕೊನೆಗೆ, ಮರದಿಂದ ಮರಕ್ಕೆ ಹೋಗುವುವು. ಹಿಂದೆ ಇವುಗಳನ್ನು ಶಿಲೀಂಧ್ರಗಳ ಗುಂಪಿಗೆ ಸೇರಿಸುತ್ತಿದ್ದರು. ಈಗಿನ ಶಾಸ್ತ್ರಜ್ಞರು ಇವು ಪಾಚಿಯ ಕಡೆಯ ಬಳಗವೆಂದು ನಿರ್ಣಯಿಸಿರುವುದರಿಂದ ಇವುಗಳ ನೀರಿನ ಆಸೆಯು ಆಶ್ಚರ್ಯವಲ್ಲ. ತಂಪು ಹವೆ, ತುಂಬಿದ ತೇವ, ನಡುನಡುವೆ ಬಿಸಿಲು ಇಣಿಕಿ ಮತ್ತೆ ಸುರಿಯುವ ಮಳೆ ಇವು ಕೂಡಿದಾಗ ರೋಗ ಉಲ್ಬಣಿಸುವುದು. ಕೊಟ್ಟೆಯು ಕೊನೆಯನ್ನು ಉಳಿಸಿದ್ದು ಹೇಗೆಂಬುದು ಈಗ ಸ್ಪಷ್ಟವಾಗುತ್ತದೆ. ಅದು ಜೀವಿಯನ್ನು ಕೊಲ್ಲಲಿಲ್ಲ. ಅದರ ದಾರಿಯನ್ನು ಕಡಿಯಿತು.

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬವರು, ಮುಂದೆ ಅಲ್ಲಿನ ಕೃಷಿ ಇಲಾಖೆಯ ನಿರ್ದೇಶಕರಾದವರು, ಮಲೆನಾಡಿನ ಈ ರೋಗವನ್ನು ಪರಿಶೋಧಿಸಿ 1910ರಲ್ಲಿ ಅದರ ಜೀವಿಯನ್ನು ವರ್ಣಿಸಿ ವರದಿಯನ್ನು ಪ್ರಕಟಿಸಿದರು. ಕೊನೆಗಳಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಪದ್ಧತಿಯು ನಮ್ಮಲ್ಲಿ ಬೇರೂರಿದುದು ಆ ಕಾಲದಿಂದ. ಈ ದ್ರಾವಣವು ಹುಟ್ಟಿದ ಬಗೆಯೂ ನಮ್ಮ ವಿಷಯಕ್ಕೆ ಸಂಬಂಧಪಟ್ಟುದೇ ಆಗಿದೆ. ಫ್ರಾನ್ಸ್ ದೇಶದ ಬೋರ್ಡೋ ನಗರದ ಸಮೀಪದ ಮೆಡಾಕ್ ಸೀಮೆಯಲ್ಲಿ, ದಾರಿಹೋಕರು ದ್ರಾಕ್ಷಿಯನ್ನು ಕದ್ದು ತಿನ್ನುತ್ತಿದ್ದರು. ಇದನ್ನು ತಪ್ಪಿಸಲು ತೋಟದವರು ದಾರಿಯ ಅಂಚಿನ ಸಾಲುಗಳಿಗೆ ಮಾತ್ರ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಎರಚುವ ರೂಢಿಯಿತ್ತು. ನೀಲಿಬಣ್ಣವನ್ನು ಕಂಡು ವಿಷವೆಂದು ಕಳ್ಳರು ಹೆದರುವರೆಂಬುದು ಅವರ ಎಣಿಕೆ. 1882ರಲ್ಲಿ ಮಿಲ್ಲಾರ್ಡೆ ಎಂಬ ಪ್ರಾಧ್ಯಾಪಕನು ಆ ದಾರಿಯಲ್ಲಿ ಹೋಗುವಾಗ, ಬೂಷ್ಟುರೋಗದಿಂದ ತೋಟದ ಒಳಗಿನ ಬಳ್ಳಿಗಳ ಎಲೆಗಳೆಲ್ಲ ಉದುರಿರುವುದನ್ನೂ ಅಂಚಿನ ಸಾಲುಗಳು ಮಾತ್ರ ಹಸುರಾಗಿರುವುದನ್ನೂ ಕಂಡನು. ಆ ದಾರಿಯಲ್ಲಿ ಎಷ್ಟು ಜನರು ನಡೆದಿರಬಹುದು! ಆದರೆ ಅಷ್ಟನ್ನೇ ಕಂಡು ಅವನು ಔಷಧ ಸಿಕ್ಕಿತೆಂದು ಸಾರಲಿಲ್ಲ. ಅಂಚಿನ ಸಾಲಿಗೆ ಬಿಸಿಲು ಹೆಚ್ಚು, ಗಾಳಿ ಹೆಚ್ಚು, ದಾರಿಯ ಧೂಳೂ ಉಂಟು; ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದಿತ್ತು. ರಸಾಯನಶಾಸ್ತ್ರಜ್ಞನಾದ ಗೇಯೋನ್ ಎಂಬವನ ಸಹಾಯದಿಂದ ಪ್ರಯೋಗಗಳನ್ನು ನಡೆಯಿಸಿ, 1885ರಲ್ಲಿ ಮಾತ್ರ ಫಲಿತಾಂಶವನ್ನು ಪ್ರಕಟಿಸಿದನು.

ಈ ದ್ರಾವಣದ ವಿಷಯದಲ್ಲಿ ತೋಟದ ಯಜಮಾನರಿಂದ ನಾವು ಪದೇಪದೇ ಕೇಳುವ ದೂರೊಂದುಂಟು: ಔಷಧ ಹೊಡೆಸಿದೆವು, ಆದರೂ ಕಾಯಿ ಉದುರಿತು, ಈ ಔಷಧ ನಿಷ್ಪ್ರಯೋಜಕ ಎಂಬುದು. ಯಾವಾಗ ಹೊಡೆಸಿದಿರಿ ಎಂದು ಕೇಳಿದರೆ, ಕಾಯಿ ಉದುರಲು ಪ್ರಾರಂಭವಾದ ಕೂಡಲೇ ಎಂಬ ಉತ್ತರ ಬರುವುದು. ಬೋರ್ಡೋ ದ್ರಾವಣವು ಕಾಯಿಯ ಹೊರಮೈಮೇಲೆ ನಿಂತು, ಬಂದು ಕೂರುವ ಕಣಗಳನ್ನು ಮೊಳೆಯಗೊಡದೆ ತಡೆಯುವಂತಹುದು. ಒಳಕ್ಕೆ ಹೊಕ್ಕ ಜೀವಿಯನ್ನು ಅದು ಹೊರಡಿಸಲಾರದು. ಕಳ್ಳನು ಒಳಹೊಕ್ಕ ಮೇಲೆ ಬಾಗಿಲಿಗೆ ಅಗುಳಿ ಹಾಕಿದವನು ಅಗುಳಿಯನ್ನು ದೂಷಿಸಿದರೆ ಏನು ಹೇಳೋಣ? ರೋಹಿಣಿ ಮಳೆಯ ಕಾಲದಲ್ಲಿ, ಹೆಚ್ಚೆಂದರೆ ಮೃಗಶಿರದ ಮೊದಲಲ್ಲಿ, ಮುಂಗಾರು ಭದ್ರವಾಗಿ ಹಿಡಿಯುವುದಕ್ಕೆ ಮುಂಚೆ ಮೊದಲನೆಯ ಸಿಂಪಡಣೆ ಮುಗಿಯತಕ್ಕದ್ದು. ಅಲ್ಲಿಂದ 40–45 ದಿನಗಳಿಗೆ, ಮಳೆ ಬಿಡುವು ಕೊಟ್ಟ ದಿವಸ ನೋಡಿ, ಎರಡನೆಯದು. ಮಳೆಗಾಲ ಬೆಳೆದರೆ ಮೂರನೆಯದೂ ಬೇಕಾಗುವುದು. ಉದುರಿದ ಕಾಯಿಗಳನ್ನೂ ಮರದಲ್ಲಿ ಉಳಿದ ರೋಗದ ಕೊನೆಗಳನ್ನೂ ತೆಗೆದು ನಾಶಮಾಡದಿದ್ದರೆ, ಮುಂದಿನ ವರ್ಷದ ಬೀಜವನ್ನು ನಾವೇ ತೋಟದಲ್ಲಿ ಕಾಪಾಡಿಟ್ಟಂತಾಗುತ್ತದೆ. ಇದೇ ಜೀವಿ ಸುಳಿಗೆ ಇಳಿದರೆ ಹೋಗುವುದು ಒಂದು ವರ್ಷದ ಫಸಲಲ್ಲ, ಮರವೇ.

ತಯಾರಿಕೆಯಲ್ಲಿಯೂ ಎಷ್ಟೋ ಔಷಧ ಕೆಡುತ್ತದೆ. ಒಂದು ಕಿಲೋ ಮೈಲುತುತ್ತವನ್ನು 50 ಲೀಟರು ನೀರಿನಲ್ಲಿಯೂ, ಒಂದು ಕಿಲೋ ಒಳ್ಳೆಯ ಸುಟ್ಟ ಸುಣ್ಣವನ್ನು ಇನ್ನು 50 ಲೀಟರಿನಲ್ಲಿಯೂ ಬೇರೆಬೇರೆಯಾಗಿ ಕರಗಿಸಿ ಸೋಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಆಮೇಲೆ ಚೆನ್ನಾಗಿ ಉಜ್ಜಿದ ಕಬ್ಬಿಣದ ಚೂರಿಯನ್ನು ಒಂದು ನಿಮಿಷ ಅದರಲ್ಲಿ ಅದ್ದಿ ತೆಗೆಯಿರಿ. ಚೂರಿಯ ಮೇಲೆ ಕೆಂಪುಬಣ್ಣ ಕೂತಿದ್ದರೆ ಅದು ತಾಮ್ರ. ಸುಣ್ಣ ಸಾಲದು ಎಂದರ್ಥ. ಹಾಗೆಯೇ ಸಿಂಪಡಿಸಿದರೆ ಎಳೆಯ ಕಾಯಿ ಸುಡುವುದು, ಸುಟ್ಟುದನ್ನು ಕಂಡು ಮತ್ತೆ ಔಷಧವನ್ನೇ ಬಯ್ಯುವುದಾಗುತ್ತದೆ. ಕೆಂಪು ಕಾಣದಂತಾಗುವವರೆಗೆ ಸುಣ್ಣದ ನೀರನ್ನು ಸೇರಿಸಿರಿ. ತಾಮ್ರವು ಕಬ್ಬಿಣವನ್ನು ತಿನ್ನುವುದರಿಂದಲೇ ಕಬ್ಬಿಣದ ಪಾತ್ರೆಯಲ್ಲಿ ಇದನ್ನು ಮಾಡಕೂಡದೆಂಬುದು. ಮರದ ಅಥವಾ ಪ್ಲಾಸ್ಟಿಕ್ಕಿನ ತೊಟ್ಟಿಯಾಗಬೇಕು. ಕಲಸಿದುದನ್ನು ಅದೇ ದಿವಸ ಮುಗಿಸಬೇಕು.

ಇನ್ನು ನೆರೆಯವನ ವಿಷಯ. ಅವನು ಔಷಧ ಹೊಡೆಯಲಿಲ್ಲ, ಅವನ ಕಾಯಿ ಉದುರಲಿಲ್ಲ, ಆದ್ದರಿಂದ ಔಷಧ ಬೇಡ ಎಂಬ ವಾದವು ಪ್ರತಿ ಗ್ರಾಮದಲ್ಲಿಯೂ ಕೇಳಿಬರುವುದು. ಅವನ ತೋಟ ಎತ್ತರದಲ್ಲಿದ್ದು ಗಾಳಿಯಾಡುವಂತಹುದೋ, ಬಸಿಗಾಲುವೆ ಚೊಕ್ಕಟವಾಗಿರುವುದೋ, ಸುತ್ತಲಿನವರೆಲ್ಲರೂ ಹೊಡೆದುದರಿಂದ ಅವನ ಕಡೆಗೆ ಕಣಗಳೇ ಬರಲಿಲ್ಲವೋ, ಇದನ್ನು ವಿಚಾರಿಸುವವರಿಲ್ಲ. ಹಾಗೆಯೇ, ಮೇಲಿನ ತೋಟದವನು ಹೊಡೆಯದುದರಿಂದ ನನ್ನದು ಹೋಯಿತೆಂಬ ದೂರಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ದೂರುವವನು ತಾನೇ ಸಕಾಲದಲ್ಲಿ ಹೊಡೆದಿದ್ದನೆ ಎಂಬುದನ್ನು ಮುಖಂಡರು ಮೊದಲು ಕೇಳುವುದು ಯುಕ್ತ. ಊರಿನವರೆಲ್ಲರೂ ಒಂದೇ ವಾರದಲ್ಲಿ ಸಿಂಪಡಣೆಯನ್ನು ಮುಗಿಸುವಂತೆ ಕೊನೆಗಾರರ ಸರದಿಯನ್ನು ಗೊತ್ತುಮಾಡಿದರೆ ಇಂತಹ ವ್ಯಾಜ್ಯಗಳಲ್ಲಿ ಬಹುಪಾಲು ಹುಟ್ಟಲಾರವು. ಕೊನೆಗಾರರು ಕಡಿಮೆಯಾಗುತ್ತಿರುವ ಈ ದಿನಗಳಲ್ಲಿ ಅದು ಸುಲಭವಲ್ಲವೆಂಬುದನ್ನು ನಾವು ಬಲ್ಲೆವು.

ಇದಕ್ಕಿಂತಲೂ ಸೂಕ್ಷ್ಮವಾದ ಭ್ರಾಂತಿಯೊಂದಿದೆ. ಬುದ್ಧಿವಂತರೂ ಇದಕ್ಕೆ ಸಿಲುಕುವರು. ಮನುಷ್ಯನು ಉಪಾಯವನ್ನು ಹುಡುಕುವುದು ಯಾವಾಗ? ಅತ್ಯಂತ ಕೆಟ್ಟ ವರ್ಷ ಕಳೆದ ಮೇಲೆ. ಅತ್ಯಂತ ಕೆಟ್ಟ ವರ್ಷದ ಮರುವರ್ಷವಾದರೋ ಸಾಧಾರಣವಾಗಿ ಅದಕ್ಕಿಂತ ಮೇಲಾಗಿಯೇ ಇರುವುದು, ಏನು ಮಾಡಿದರೂ, ಮಾಡದಿದ್ದರೂ. ನಡುವೆ ಕೊಂಡುತಂದ ಪುಡಿಗೋ, ಹೊಸ ಆಳಿಗೋ, ಮಾಡಿಸಿದ ಶಾಂತಿಗೋ ಆ ಕೀರ್ತಿ ಸಲ್ಲುತ್ತದೆ. ದೇವತಾಕಾರ್ಯವನ್ನು ನಾವು ಆಕ್ಷೇಪಿಸುವವರಲ್ಲ; ಅದನ್ನು ಭಕ್ತಿಯಿಂದ ಮಾಡಲಿ, ಆದರೆ ಸಿಂಪಡಣೆಗೆ ಬದಲಾಗಿ ಮಾಡುವುದು ಬೇಡ. ದೇಹದ ವಿಷಯದಲ್ಲಿಯೂ ಹೀಗೆಯೇ. ನೆಗಡಿಯಾಗಲಿ, ಮೈಕೈನೋವಾಗಲಿ, ತುಂಬ ಏರಿದ ದಿವಸವೇ ನಾವು ಮದ್ದನ್ನು ಅರಸುವೆವು. ಏರಿದುದು ತಾನಾಗಿ ಇಳಿಯುವ ದಿವಸವೂ ಮರುದಿವಸವೇ ಆಗಿರುವುದು. ಹೀಗೆ ಹೆಸರು ಪಡೆದ ಮದ್ದನ್ನು ನಂಬಿ, ತಾನಾಗಿ ಇಳಿಯದ ಜ್ವರಕ್ಕೂ ಅದನ್ನೇ ಕೊಡುತ್ತ ಎಂಟು ದಿನ ಮನೆಯಲ್ಲಿಯೇ ಇರಿಸಿಕೊಂಡ ರೋಗಿಯ ಗತಿಯನ್ನು ವಿವರಿಸಬೇಕಾಗಿಲ್ಲ.

ಇದಕ್ಕೆ ಪರಿಹಾರವು ಹೋಲಿಕೆ. ಕಳೆದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸಬಾರದು. ಈ ವರ್ಷದಲ್ಲಿಯೇ, ಒಂದೇ ಮಳೆ ಬಿದ್ದ ಒಂದೇ ತೋಟದಲ್ಲಿ, ಮದ್ದು ಹಾಕಿದ ಮರಕ್ಕೂ ಹಾಕದ ಮರಕ್ಕೂ ಹೋಲಿಸಬೇಕು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಎಂಬಲ್ಲಿ ಜಾನ್ ಲಾಸ್ ಎಂಬ ಜಮೀನುದಾರನು 1843ರಲ್ಲಿ ಒಂದು ಗೋಧಿಯ ಹೊಲವನ್ನು ಪಟ್ಟಿಪಟ್ಟಿಯಾಗಿ ವಿಂಗಡಿಸಿ ಬೇರೆಬೇರೆ ಗೊಬ್ಬರಗಳನ್ನು ಕೊಡುತ್ತ ಬಂದನು. ಆ ಪ್ರಯೋಗ ಇಂದಿಗೂ ನಡೆಯುತ್ತಿದೆ. ಅದರಲ್ಲಿ ಅತ್ಯಂತ ಬೆಲೆಯುಳ್ಳ ಪಟ್ಟಿ ಯಾವುದೆಂದರೆ, ಅಂದಿನಿಂದಲೂ ಯಾವ ಗೊಬ್ಬರವನ್ನೂ ಹಾಕದೆ ಬಿಟ್ಟುದು ಎಂದು ನಮ್ಮ ಅಭಿಪ್ರಾಯ. ಅದಿಲ್ಲದಿದ್ದರೆ ಉಳಿದ ಪಟ್ಟಿಗಳ ಬೆಳೆಯಲ್ಲಿ ಗೊಬ್ಬರದ ಪಾಲೆಷ್ಟು, ನೆಲದ ಪಾಲೆಷ್ಟು ಎಂದು ತಿಳಿಯುತ್ತಿರಲಿಲ್ಲ.

ನಿಮ್ಮ ತೋಟದಲ್ಲಿ ಇದನ್ನು ಮಾಡುವುದು ಕಷ್ಟವಲ್ಲ. ಮಾರುವವನು ಒಂದು ಹೊಸ ಔಷಧವನ್ನು ತಂದು ಹೊಗಳಿದನೆನ್ನೋಣ. ತೋಟದ ಒಂದು ಭಾಗದಲ್ಲಿ ನಲವತ್ತು ಮರಗಳಿಗೆ ಅಂಕೆ ಬರೆಯಿರಿ. ನಲವತ್ತು ಚೀಟಿಗಳನ್ನು ಮಡಿಸಿ ಮಗುವಿನ ಕೈಯಿಂದ ಇಪ್ಪತ್ತನ್ನು ಎತ್ತಿಸಿ, ಆ ಮರಗಳಿಗೆ ಹೊಸ ಔಷಧವನ್ನೂ ಉಳಿದ ಇಪ್ಪತ್ತಕ್ಕೆ ಬೋರ್ಡೋ ದ್ರಾವಣವನ್ನೂ ಒಂದೇ ದಿನ ಒಬ್ಬನೇ ಕೊನೆಗಾರನಿಂದ ಹೊಡೆಸಿರಿ. ಕೊಳೆರೋಗದ ವಿಷಯದಲ್ಲಿ ಏನನ್ನೂ ಹೊಡೆಯದೆ ಮರಗಳನ್ನು ಬಿಡುವುದನ್ನು ನಾವು ಹೇಳಲಾರೆವು, ಅವು ಸುತ್ತಣ ಮರಗಳಿಗೂ ರೋಗವನ್ನು ಹಂಚುವುವು. ಚೀಟಿ ಎತ್ತಿಸುವುದು ಮಕ್ಕಳಾಟದಂತೆ ತೋರಬಹುದು. ಆದರೆ ನಾವೇ ಆರಿಸಹೊರಟರೆ, ಅರಿವಿಲ್ಲದೆಯೇ ಒಳ್ಳೆಯ ಮರಗಳಿಗೆ ನಮ್ಮ ಮನಸ್ಸಿಗೆ ಬಂದ ಔಷಧ ಹೋಗುವುದು. 1919ರಲ್ಲಿ ರೋಥಮ್‌ಸ್ಟೆಡ್ಡಿಗೆ ಸೇರಿದ ರೊನಾಲ್ಡ್ ಫಿಷರ್ ಎಂಬ ಗಣಿತಜ್ಞನು ಜಗತ್ತಿನ ಬೇಸಾಯಶಾಸ್ತ್ರಜ್ಞರಿಗೆಲ್ಲ ಕಲಿಸಿದ ಪಾಠಗಳಲ್ಲಿ ಇದು ಮುಖ್ಯವಾದುದು. ಈಗ ಮನುಷ್ಯರ ಔಷಧಗಳನ್ನೂ ಹೀಗೆಯೇ ಚೀಟಿಯ ಕ್ರಮದಿಂದ ಪರೀಕ್ಷಿಸುವರು. ವಾರಕ್ಕೊಮ್ಮೆ ಒಂದೊಂದು ಮರದ ಬುಡದಲ್ಲಿ ಬಿದ್ದ ಕಾಯಿಗಳನ್ನು ಎಣಿಸಿ ಪುಸ್ತಕದಲ್ಲಿ ಬರೆಯತಕ್ಕದ್ದು. ನೆನಪನ್ನು ನಂಬಬೇಡಿ. ನೆನಪು ಯಾವಾಗಲೂ ಹಣ ಕೊಟ್ಟವನ ಪಕ್ಷಪಾತಿ.

ತೋಟದಿಂದ ಅದರ ಮೇಲಿನ ಕಾಡಿಗೆ ಹೋಗೋಣ. ಅಲ್ಲಿ ಕಾರಣವನ್ನು ತಪ್ಪಾಗಿ ಎಣಿಸುವುದರಿಂದ ಹೋಗುವುದು ಕಾಯಲ್ಲ, ಪ್ರಾಣ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬೀಳತೊಡಗಿದವು. ಸಮೀಪದ ಹಳ್ಳಿಗಳ ಜನರಿಗೆ ತೀವ್ರವಾದ ಜ್ವರ ಬಂದು ಕೆಲವರು ತೀರಿಕೊಂಡರು. ಮಂಗವೂ ಮನುಷ್ಯನೂ ಜೊತೆಯಾಗಿ ಸಾಯುವುದನ್ನು ಕಂಡು, ಆಫ್ರಿಕ ಮತ್ತು ಅಮೆರಿಕ ಖಂಡಗಳಲ್ಲಿ ಸೊಳ್ಳೆಗಳಿಂದ ಹರಡುವ ಹಳದಿಜ್ವರವು ಭಾರತಕ್ಕೆ ಬಂತೇ ಎಂದು ವೈದ್ಯಶಾಸ್ತ್ರಜ್ಞರು ಮೊದಲು ಶಂಕಿಸಿದರು. ಅದು ನಿಜವಾಗಿದ್ದರೆ ಸೊಳ್ಳೆಯನ್ನು ನಿವಾರಿಸಬೇಕಾಗಿತ್ತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಪರೀಕ್ಷಿಸಿದಾಗ ಸಿಕ್ಕಿದುದು ಬೇರೆಯೇ ವೈರಸ್ಸು. ಅದನ್ನು ಸಾಗಿಸುವುದು ಸೊಳ್ಳೆಯಲ್ಲ, ಕಾಡಿನ ಉಣುಗು. ನಮ್ಮ ಜನರು ಇದನ್ನು ಮಂಗನ ಕಾಯಿಲೆ ಎಂದು ಕರೆಯುವರು. ಹೆಸರು ಮಂಗನ ಮೇಲೆ ಅಪವಾದವನ್ನು ಹೊರಿಸಿದರೂ ಮಂಗವು ನಮ್ಮಂತೆಯೇ ರೋಗಿ. ಉಣುಗು ಕಚ್ಚಿ ಅದೂ ಸಾಯುತ್ತದೆ. ಆದರೆ ಸತ್ತ ಮಂಗನ ಮೈಯಿಂದ ವೈರಸ್ಸನ್ನು ಹೊತ್ತ ಉಣುಗುಗಳು ಇಳಿದು ಅಲ್ಲಿನ ತರಗೆಲೆಯಲ್ಲಿ ಸೇರಿಕೊಳ್ಳುವುದರಿಂದ, ಆ ಸ್ಥಳವು ಅಪಾಯದ ಸ್ಥಳವಾಗುವುದು. ಕಾಡಿನಲ್ಲಿ ಮೇಯುವ ದನಗಳ ರಕ್ತವನ್ನು ಕುಡಿದು ಉಣುಗುಗಳ ಸಂಖ್ಯೆ ಬೆಳೆಯುವುದಾದರೂ ದನದಲ್ಲಿ ಆ ವೈರಸ್ಸು ಬೆಳೆದು ಉಳಿಯುವುದಿಲ್ಲ.

ಇದರಿಂದ ಗ್ರಾಮದ ಮುಖಂಡರು ಮಾಡತಕ್ಕದ್ದು ಏನೆಂಬುದು ತಾನಾಗಿ ಗೊತ್ತಾಗುವುದು. ಈ ರೋಗವು ಮನುಷ್ಯನಿಂದ ಮನುಷ್ಯನಿಗೆ ಹರಡದಾದ ಕಾರಣ ಜ್ವರ ಬಂದವರ ಮನೆಯನ್ನು ದೂರವಿಡುವುದಾಗಲಿ, ಅವರಿಗೆ ಆರೈಕೆ ಮಾಡಲು ಹಿಂಜರಿಯುವುದಾಗಲಿ ಅನ್ಯಾಯ. ಮಂಗಗಳನ್ನು ಅಟ್ಟಿ ಕೊಲ್ಲುವುದು ವ್ಯರ್ಥವೂ ಕಾನೂನಿಗೆ ವಿರುದ್ಧವೂ ಆಗಿದೆ. ಸುಗ್ಗಿ ಕಳೆದ ಒಣದಿನಗಳಲ್ಲಿ, ಅಂದರೆ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಎಳೆಯ ಉಣುಗುಗಳು ಹೆಚ್ಚಾಗಿರುವಾಗಲೇ ನಮ್ಮ ಆಳುಗಳು ಕೊಟ್ಟಿಗೆಗೂ ಗೊಬ್ಬರಕ್ಕೂ ತರಗೆಲೆ ಗುಡಿಸಲು ಕಾಡಿಗೆ ಹೋಗುವರು. ಅವರನ್ನು ಕಳುಹಿಸುವ ಜಮೀನುದಾರರು ಮೈತುಂಬ ಬಟ್ಟೆಯನ್ನೂ, ಆರೋಗ್ಯ ಇಲಾಖೆಯವರು ಕೊಡುವ ಉಣುಗುನಿವಾರಕ ತೈಲವನ್ನೂ ಒದಗಿಸಿ, ಹಿಂದಿರುಗಿದ ಕೂಡಲೇ ಬಿಸಿನೀರಿನ ಸ್ನಾನಕ್ಕೆ ಅನುಕೂಲ ಮಾಡಿಕೊಡಬೇಕು. ಸತ್ತ ಮಂಗವನ್ನು ಕಂಡ ವರ್ತಮಾನ ಬಂದರೆ ಅದನ್ನು ಯಾರೂ ಮುಟ್ಟದಂತೆ ಮಾಡಿ, ಅದೇ ದಿವಸ ಆರೋಗ್ಯ ಕೇಂದ್ರಕ್ಕೂ ಅರಣ್ಯ ಇಲಾಖೆಗೂ ತಿಳಿಸಿ, ಅವರು ಬಂದು ಔಷಧ ಹಾಕಿ ಸ್ಥಳವನ್ನು ಶುದ್ಧಿಮಾಡಿದೆವೆಂದು ಹೇಳುವವರೆಗೆ ಆ ಭಾಗದ ಸೊಪ್ಪಿನಬೆಟ್ಟಕ್ಕೆ ಆಳನ್ನಾಗಲಿ ದನವನ್ನಾಗಲಿ ಬಿಡಕೂಡದು.